ಹೊರಗಿನವರ ಬ್ರಾಂಚು

ಅಮೆರಿಕದ ಧಣಿಗಳಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಯಿತು. ನಮ್ಮ ಪ್ರೋಗ್ರಾಮುಗಳ ಮೂಲಪ್ರತಿಗೆ ಇಷ್ಟು ವರ್ಷ ‘ಮಾಸ್ಟರ್’ ಎನ್ನುತ್ತಿದ್ದೆವು. ಆ ಹೆಸರಿಗೆ ಒಡೆಯ, ಆಳು ಎಂಬ ಹಳೆಯ ಪಾಪದ ವಾಸನೆಯಿದೆ, ಇನ್ನು ‘ಮೇನ್’ ಎನ್ನಿ, ಯಾವ ಹೆಸರೂ ಯಾರನ್ನೂ ನೋಯಿಸಬಾರದು ಎಂದು ಸೆಬು ದ್ವೀಪದ ನಮ್ಮ ಆಫೀಸಿಗೆ ಅಪ್ಪಣೆ ಬಂತು. ಸರಿಯಾದ ಮಾತೇ. ಇನ್ನೂರ ಹನ್ನೆರಡು ಕಡೆ ಹೆಸರು ಬದಲಿಸುವ ಕೆಲಸಕ್ಕೆ ಜೊವೆಲಿನ್‌ಳನ್ನು ಹಚ್ಚಿದೆ.

ಜೊವೆಲಿನ್ ಗುತ್ತಿಗೆಯ ಹುಡುಗಿ. ಆರು ತಿಂಗಳು ತುಂಬಿದರೆ ಕಾಯಂ ಮಾಡಲೇಬೇಕೆಂದು ಕಾನೂನಿದೆ. ಅದಕ್ಕೇ ಐದನೇ ತಿಂಗಳಿಗೆ ಮನೆಗೆ ಕಳಿಸುವುದು ರೂಢಿ. ಹೀಗೆ ಎರಡು ಆಫೀಸು ದಾಟಿ ಬಂದವಳು, ಇಲ್ಲಿಯಾದರೂ ನೆಲೆ ನಿಲ್ಲಲಿ ಎಂದು ಪ್ರತಿ ಶುಕ್ರವಾರ ಬಾಲಯೇಸು ಸಾಂತೋ ನಿನ್ಯೋಗೆ ಮೇಣದಬತ್ತಿ ಹಚ್ಚುತ್ತಿದ್ದಳು. ಶಿಫಾರಸು ಮಾಡುತ್ತೇನೆಂದು ನಾನೂ ಮಾತು ಕೊಟ್ಟಿದ್ದೆ.

ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.

“ಮಿಲಾ ಅಕ್ಕ, ಒಂದ್ ಮಾತು ಕೇಳ್ಲಾ? ಬೈಬಾರ್ದು.”

“ಬೈಯೋದು ಬಿಡೋದು ಆಮೇಲೆ. ಕೇಳು.”

“ಎಲ್ರೂ ಅವರವರ ಕೆಲಸಕ್ಕೆ ಒಂದೊಂದು ಪ್ರತಿ ತಗೊಂಡು ಬೇರೆ ಬ್ರಾಂಚ್ ಮಾಡ್ಕೋತೀವಲ್ಲ. ನಿಮ್ದಕ್ಕೆ ಬರೀ ಕೆಲಸದ ಹೆಸರು. ನಮ್ ಗುತ್ತಿಗೆಯೋರ್ದಕ್ಕೆ ಮಾತ್ರ ಮುಂದೆ ‘ಹೊರಗಿನವರು’ ಅಂತ ಸೇರಿಸ್ಬೇಕು. ಅದು ನೋಯ್ಸಲ್ವಾ?”

ನನ್ನ ಮುಖ ಬಿಸಿಯಾಯಿತು. ಆರು ವರ್ಷದ ಹಿಂದೆ ಆ ನಿಯಮ ಬರೆದವಳು ನಾನೇ.

“ಮೀಟಿಂಗಲ್ಲಿ ನೀನೇ ಹೇಳು.”

“ನಂಗೆಲ್ಲಿ ಮೀಟಿಂಗು? ಅದು ಕಾಯಮ್ಮಿನೋರಿಗೆ. ನೀವೇ ಹೇಳಿ. ಹೇಳ್ದೋಳು ನಾನು ಅಂತಾನೂ ಹೇಳಿ ಅಕ್ಕಾ, ಎಫ್ರೆನ್ ಸರ್ ಕಿವಿಗೆ ನನ್ ಹೆಸ್ರು ಬೀಳ್ಲಿ.”

ಎಫ್ರೆನ್ ನಮ್ಮ ಮ್ಯಾನೇಜರು. ಮೀಟಿಂಗಿನಲ್ಲಿ ನಾನು ಮಾತು ಮುಗಿಸುವಷ್ಟರಲ್ಲಿ ಪರದೆಯ ಮೇಲಿನ ಅಮೆರಿಕದವರು ಚಪ್ಪಾಳೆ ಹೊಡೆದರು. ಎಂಥ ಸೂಕ್ಷ್ಮ ಮನಸ್ಸು ನಿನ್ನದು ಮಿಲಾ, ಎಂದರು. ಅಲ್ಲೇ ‘ಹೊರಗಿನವರು’ ಹೋಗಿ ‘ಜೊತೆಗಾರರು’ ಆಯಿತು. ಚಪ್ಪಾಳೆ ನಿಂತ ಮೇಲೆ ಅವಳ ಹೆಸರು ಹೇಳೋಣವೆಂದುಕೊಂಡೆ. ನಿಂತಿತು, ಹೇಳಲಿಲ್ಲ. ಮರೆತೆನೆಂದರೆ ಸುಳ್ಳು. ನನಗೆ ಆ ಹೊಗಳಿಕೆ ಬೇಕಿತ್ತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು.

ಮೀಟಿಂಗಿನವರಿಗೆ ತರಿಸಿದ್ದ ಪಾನ್ಸಿತ್ ಶಾವಿಗೆಯನ್ನು ಅವಳಿಗೂ ಒಂದು ತಟ್ಟೆ ಒಯ್ದೆ.

“ನನ್ ಹೆಸ್ರು ಹೇಳಿದ್ರಾ?”

“ಹೂಂ.”

ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ತಟ್ಟೆಗೆ ಕೈ ಹಾಕಿದಳು.

ಮುಂದಿನ ವಾರ ಎಫ್ರೆನ್ ಕರೆದ.

“ಒಂದು ಕಾಯಂ ಜಾಗ ಇದೆ. ಹೊಸದಾಗಿ ಯೋಚ್ನೆ ಮಾಡೋರು ಬೇಕಂತೆ, ನಿನ್ ಥರ. ಜೊವೆಲಿನ್ ಹೇಗೆ? ಹೇಳಿದ್ದು ಮಾಡ್ತಾಳೆ, ಸ್ವಂತ ತಲೆ ಓಡ್ಸಲ್ಲ ಅಲ್ವಾ?”

ಒಂದೇ ವಾಕ್ಯ ಸಾಕಿತ್ತು. ಆ ಮಾತು ನನ್ನದಲ್ಲ ಸರ್, ಅವಳದು. ಆದರೆ ಅದರ ಬೆನ್ನಿಗೇ ಅವನು, ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆಂದು ನನಗೆ ಗೊತ್ತಿತ್ತು.

“ಒಳ್ಳೆ ಹುಡುಗಿ ಸರ್,” ಎಂದೆ. ಅಷ್ಟೇ ಅಂದೆ.

ಐದನೇ ತಿಂಗಳ ಕೊನೆಯ ದಿನ ಅವಳು ಗುರುತಿನ ಚೀಟಿ ಒಪ್ಪಿಸಿ ನನ್ನ ಮೇಜಿನ ಹತ್ತಿರ ಬಂದಳು. ಕಣ್ಣು ಊದಿತ್ತು.

“ಇರ್ಲಿ ಬಿಡಿ ಅಕ್ಕಾ. ಎರಡು ಆಫೀಸ್ ನೋಡಿದೀನಿ, ಅಲ್ಲಿ ಯಾರೂ ನನ್ ಹೆಸ್ರೂ ಎತ್ತಿರ್ಲಿಲ್ಲ. ನೀವಾದ್ರೂ ಎಲ್ಲರೆದುರು ಹೇಳಿದ್ರಿ.”

ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆದಳು. ನಾನು ಕೈ ಹಿಂದೆಗೆಯಲಿಲ್ಲ.