ಬೇಸಗೆಯಲ್ಲಿ ಕತ್ತರಿಸಿದ ಉಣ್ಣೆ

ಜರ್ಮನಿ ಯುದ್ಧ ನಡೆಯುತ್ತಿದ್ದ ಕಾಲ. ಬಳ್ಳಾರಿಯ ದಂಡಿನಲ್ಲಿ ಕಂಬಳಿಗೆ ಬೇಡಿಕೆ ಬಂದಿದೆ ಎಂದು ಕೇಳಿ, ರಾಯದುರ್ಗದ ಹತ್ತಿರದ ಹಳ್ಳಿಯ ಬೊಮ್ಮಣ್ಣ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೊರಟುಹೋಗಿದ್ದ. ತಾಯಿ ದುರುಗಕ್ಕ ಮೊಣಕಾಲು ಬಾತು ಹಾಸಿಗೆ ಹಿಡಿದಿದ್ದಳು. ಹೀಗಾಗಿ ಕುರಿಗಳು ಹೆಂಡತಿ ಪಾಪಕ್ಕನ ಪಾಲಿಗೆ ಬಂದವು.

ಪಾಪಕ್ಕ ಮಡಕಶಿರಾ ಕಡೆಯವಳು. ಅವಳ ತವರಿನಲ್ಲಿದ್ದದ್ದು ಕೆಂಗುರಿ; ಉದ್ದ ಕಾಲು, ಮೈಗಂಟಿದ ಗಿಡ್ಡ ಕೂದಲು. ಇಲ್ಲಿಯವು ಮೈತುಂಬ ಉಣ್ಣೆ ಹೊತ್ತ ಕರಿಕುರಿ. ಮದುವೆಯಾಗಿ ಬಂದ ಮೇಲೆ ಇದು ಅವಳ ಮೊದಲ ಬೇಸಗೆ. ಬಿಸಿಲೇರಿದಂತೆ ಕುರಿಗಳು ಮೇವು ಬಿಟ್ಟು, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ನಿಂತು, ಪಕ್ಕೆ ಕುಣಿಸುತ್ತ ಏದುಸಿರು ಬಿಡುವುದನ್ನು ನೋಡಿ ಅವಳ ಕರುಳು ಚುರುಕ್ಕೆಂದಿತು.

“ಅತ್ತೆ, ಉಣ್ಣೆ ತೆಗೆದುಬಿಡ್ಲಾ? ಪಾಪ, ಬೇಯ್ತಾ ಅವೆ.”

“ಈಗ ಬ್ಯಾಡವ್ವ, ಮಳಿ ಬೀಳ್ಲಿ. ಅವು ತೇಕೋದು ಒಳಗಿನ ಕಾವು ಹೊರಗ ಹಾಕಾಕ. ಹಂಗ ಬಿಡು.”

“ನಮ್ಮೂರಾಗೆ ಕುರಿಗೆ ಉಣ್ಣೇನೇ ಇಲ್ಲ. ಬಿಸಿಲಾಗೇ ಚೆನ್ನಾಗಿ ಮೇಯ್ತವೆ.”

“ಅವುಗಳ ಮೈನ ಬ್ಯಾರೆ, ಇವುಗಳ ಮೈನ ಬ್ಯಾರೆ,” ಎಂದು ದುರುಗಕ್ಕ ಮಗ್ಗುಲು ಬದಲಿಸಿದಳು.

ಮುದುಕಿಗೆ ಉಣ್ಣೆಯ ಮೇಲಷ್ಟೇ ಆಸೆ, ಬೆಳೆದಷ್ಟೂ ಲಾಭವೆಂದು ನೋಡುತ್ತಾಳೆ ಅಂದುಕೊಂಡಳು ಪಾಪಕ್ಕ. ಮರುದಿನ ಗುಡ್ಡದ ಬುಡದ ಬೇವಿನ ಮರದಡಿ ಒಂದೊಂದೇ ಕುರಿಯನ್ನು ಕೆಡವಿಕೊಂಡು ಕತ್ತರಿ ಆಡಿಸತೊಡಗಿದಳು. ತವರಿನ ಕುರಿಯಂತೆ ಮಾಡಬೇಕೆಂದು ಚರ್ಮದವರೆಗೂ ಕತ್ತರಿಸಿದಳು. ಕೈ ಸೋತು ನಿಲ್ಲಿಸುವಷ್ಟರಲ್ಲಿ ಅರ್ಧ ಹಿಂಡು ಬೋಳಾಗಿತ್ತು. ಹಗುರಾದ ಮರಿಯೊಂದು ಚಂಗನೆ ನೆಗೆದದ್ದನ್ನು ಕಂಡು ಅವಳಿಗೆ ಹೆಮ್ಮೆಯೂ ಆಯಿತು.

ಆ ಹೆಮ್ಮೆ ಎರಡು ದಿನ ಬಾಳಲಿಲ್ಲ. ಬೋಳು ಕುರಿಗಳು ಬಾಯಿ ತೆರೆದು, ನಾಲಿಗೆ ಚಾಚಿ ತೇಕತೊಡಗಿದವು. ಬೆನ್ನ ಮೇಲೆ ಚರ್ಮ ಕೆಂಪೇರಿ ಗುಳ್ಳೆ ಎದ್ದಿತು. ಗಬ್ಬದ ಕುರಿಯೊಂದು ದಿನ ತುಂಬದ ಮರಿಯನ್ನು ಕಂದುಹಾಕಿತು. ಸಂಜೆಗೆ ಆ ಕುರಿಯೂ ಸತ್ತಿತು. ಉಣ್ಣೆಯಿದ್ದವು ಮಾತ್ರ ಮುಂಚಿನ ಹಾಗೆಯೇ ಇದ್ದವು. ಪಾಪಕ್ಕ ಅಂಥದ್ದೊಂದರ ಬೆನ್ನ ಮೇಲೆ ಕೈಯಿಟ್ಟಳು. ಉಣ್ಣೆಯ ಮೇಲ್ಮೈ ರೊಟ್ಟಿಹಂಚಿನಂತೆ ಸುಟ್ಟಿತು. ಬೆರಳನ್ನು ಬುಡದವರೆಗೆ ತೂರಿಸಿದಳು. ಒಳಗೆ ಚರ್ಮ ತಣ್ಣಗಿತ್ತು. ಬಿಸಿಲನ್ನು ಉಣ್ಣೆಯೇ ಹೊರಗೆ ತಡೆದಿತ್ತು. ತಾನು ಕಿತ್ತುಕೊಂಡದ್ದು ಅವುಗಳ ನೆರಳನ್ನೇ ಎಂದು ತಿಳಿದಾಗ, ಕುರಿಗಳ ಎದುರಿಗೂ ತಲೆಯೆತ್ತಲಾಗದೆ ಅಲ್ಲೇ ಕುಸಿದು ಕುಳಿತಳು.

ಬೊಮ್ಮಣ್ಣ ಬಳ್ಳಾರಿಯಿಂದ ಬಂದವನೇ ಕುರಿಹಟ್ಟಿ ನೋಡಿ ಕೆಂಡವಾದ. ನೆರೆಯವರು ಸೇರಿದರು.

“ಯಾರು ಮಾಡಿದ್ದಿದು?”

ಪಾಪಕ್ಕ ಬಾಯಿ ತೆರೆಯುವ ಮೊದಲೇ ಗೋಡೆ ಹಿಡಿದು ಬಂದ ದುರುಗಕ್ಕ, “ನಾನ ಹೇಳಿದ್ದೆಪ್ಪ. ಬಿಸಿಲಿಗೆ ಪಾಪ ಅನ್ನಿಸ್ತು,” ಎಂದಳು.

“ವಯಸ್ಸಾತು, ಬುದ್ಧೀನೂ ಹೋತು ನಿನಗ. ಇನ್ನ ಮ್ಯಾಲ ಹಟ್ಟಿ ಕಡಿ ಬರಬ್ಯಾಡ,” ಎಂದು ಬೊಮ್ಮಣ್ಣ ಎಲ್ಲರೆದುರು ಅಂದುಬಿಟ್ಟ. ಜೀವಮಾನವೆಲ್ಲ ಕುರಿಗಳ ನಡುವೆ ಕಳೆದ ಮುದುಕಿ ಮತ್ತೆ ಗೋಡೆ ಹಿಡಿದು ಒಳಗೆ ಹೋದಳು. ಪಾಪಕ್ಕ ಸೆರಗಿನ ತುದಿ ಹಿಡಿದುಕೊಂಡು ನಿಂತೇ ಇದ್ದಳು. ತನ್ನ ಬಾಯಿಂದ ಮಾತು ಹೊರಡಲಿಲ್ಲವೆಂಬುದೇ ಅವಳಿಗೆ ಕುರಿ ಸತ್ತದ್ದಕ್ಕಿಂತ ದೊಡ್ಡ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ದುರುಗಕ್ಕ ಕಟ್ಟೆಯ ಮೇಲೆ ಬರಿಗೈಯಲ್ಲಿ ಕುಳಿತಿದ್ದಳು. ಪಾಪಕ್ಕ ಅಂಬಲಿ ತಂದಿಟ್ಟಳು.

“ಯಾಕತ್ತೆ ಹಂಗಂದ್ರಿ?”

“ಹೊಸದಾಗಿ ಬಂದಾಕಿ ನೀನು. ಊರು ಒಂದ್ಸಲ ಹೆಸರಿಟ್ರ ಬಿಡಂಗಿಲ್ಲ. ನನಗೇನಾಗ್ತೈತಿ?” ಮುದುಕಿ ಅಂಬಲಿ ಊದಿಕೊಂಡಳು. ಅವಳ ಕಣ್ಣು ಮಾತ್ರ ಹಟ್ಟಿಯ ಕಡೆಗೇ ಇತ್ತು.

ಆ ಕಣ್ಣನ್ನು ಪಾಪಕ್ಕನಿಗೆ ನೋಡಲಾಗಲಿಲ್ಲ. ನೇರ ಹಟ್ಟಿಗೆ ನಡೆದಳು. ಬೊಮ್ಮಣ್ಣ ಕುರಿಯೊಂದರ ಬೆನ್ನಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ. ಪಕ್ಕದ ಮನೆಯವರೂ ಇಬ್ಬರಿದ್ದರು. ಅವರಿರಲಿ ಎಂದೇ ಗಟ್ಟಿಯಾಗಿ ಹೇಳಿದಳು: “ಕತ್ತರಿ ಆಡಿಸಿದ್ದು ನಾನು. ಅತ್ತೆ ಬೇಡ ಅಂದಿದ್ರು. ನಾನೇ ಕೇಳ್ಲಿಲ್ಲ.”

ಬೊಮ್ಮಣ್ಣನ ಕೈ ನಿಂತಿತು. ಬೈಯುತ್ತಾನೆಂದು ಅವಳು ಕಾದಳು. ಅವನು ಅವಳ ಕಡೆ ನೋಡಲೇ ಇಲ್ಲ. ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು, ತಲೆ ತಗ್ಗಿಸಿ ಮನೆಯತ್ತ ನಡೆದ.

ಕಟ್ಟೆಯ ಹತ್ತಿರ ಹೋದ. ತಾಯಿಯ ಕಾಲ ಬಳಿ ಕುಳಿತ. “ಯವ್ವಾ...” ಎಂದ.

“ಬಿಸಿಲು ಏರಾಕತ್ತೈತಿ,” ಎಂದಳು ದುರುಗಕ್ಕ. “ಬೋಳಾದವನ್ನ ಹಳ್ಳದ ನೆರಳಿಗೆ ಹೊಡಿರಿ. ನನ್ನೂ ಎಬ್ಬಿಸು.”

ಗಂಡ ಒಂದು ರಟ್ಟೆ, ಹಿಂದೆಯೇ ಬಂದ ಹೆಂಡತಿ ಇನ್ನೊಂದು ರಟ್ಟೆ ಹಿಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಮುದುಕಿಯನ್ನು ನಡುವೆ ಇಟ್ಟುಕೊಂಡು ಹಟ್ಟಿಯ ಕಡೆ ನಡೆದರು.