ಒಪ್ಪಿದೆ ಎಂದ ತಪ್ಪು

ಗೆನ್ ಪೆಲ್ಮೋ ಸತ್ತ ಮೇಲೂ ಅವರ ಚಪ್ಪಾಳೆ ಮಠದ ಅಂಗಳ ಬಿಟ್ಟು ಹೋಗಲಿಲ್ಲ. ಟಿಬೆಟ್ಟಿನಿಂದ ಬೆಟ್ಟ ದಾಟಿ ಓಡಿಬರುವಾಗ ಹಿಮಕ್ಕೆ ಎರಡು ಬೆರಳು ಕೊಟ್ಟಿದ್ದ ಕೈ ಅದು. ಉಳಿದವರದು ಟಪ್ ಎಂದರೆ ಅವರದು ಒದ್ದೆ ಬಟ್ಟೆ ಒಗೆದಂತೆ ಧಪ್ ಎನ್ನುತ್ತಿತ್ತು. ಈಗ ಅದು ಅವರ ಶಿಷ್ಯೆ ಯಾಂಗ್‌ಜೊಮ್‌ಗೆ ಮಾತ್ರ ಕೇಳಿಸುತ್ತಿತ್ತು.

ಆ ಮಠದ ಸನ್ಯಾಸಿನಿಯರಿಗೆ ವಾದ ಊಟದಷ್ಟೇ ರೂಢಿ. ನಿಂತವಳು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಮಾತು ಎಸೆಯಬೇಕು. ಕೂತವಳು 'ಒಪ್ಪಿದೆ', 'ಯಾಕೆ', 'ಹಾಗಾಗಲ್ಲ' ಎನ್ನುತ್ತಲೇ ನಿಭಾಯಿಸಬೇಕು. ಗೆನ್-ಲಾ (ಗುರುವನ್ನು ಶಿಷ್ಯೆಯರು ಕರೆಯುತ್ತಿದ್ದುದು ಹಾಗೆ) ಪಾಠ ಹೇಳುತ್ತಿದ್ದದ್ದೂ ವಾದದಲ್ಲೇ. ಬೇಕೆಂದೇ ತಪ್ಪು ಮಾತು ಎಸೆದು, ಶಿಷ್ಯೆ ಅದನ್ನು ಮುರಿಯುವ ತನಕ ಬಿಡುತ್ತಿರಲಿಲ್ಲ. ಮುರಿದ ದಿನ ತಮ್ಮ ಪಾಲಿನ ಬೆಣ್ಣೆ ಚಹಾವನ್ನೂ ಅವಳ ಬಟ್ಟಲಿಗೇ ಸುರಿಯುತ್ತಿದ್ದರು.

ಕೊನೆಯ ಸಲ ಅವರು ಗೋಡೆ ಹಿಡಿದು ನಿಂತಿದ್ದರು. "ಗುರು ಹೇಳಿದ್ದೆಲ್ಲ ನಿಜ. ಯಾಕಂದ್ರೆ ಅವಳು ಗುರು," ಎಂದರು. ಎಳೆ ಮಕ್ಕಳೂ ಮುರಿಯುವ ಮಾತು! ಆದರೆ ಚಪ್ಪಾಳೆಗೆ ಒಂದು ಕೈ ಎತ್ತಿದರೂ ಇನ್ನೊಂದು ಗೋಡೆ ಬಿಡದ್ದನ್ನು ಕಂಡು ಯಾಂಗ್‌ಜೊಮ್‌ಗೆ ಕನಿಕರವಾಯಿತು. ಪಾಪ, ಬೇಗ ಹೋಗಿ ಮಲಗಲಿ ಎಂದು, "ಒಪ್ಪಿದೆ," ಎಂದುಬಿಟ್ಟಳು.

ಗೆನ್-ಲಾ ಎತ್ತಿದ ಕೈ ಇಳಿಸಿದರು. "ಅಯ್ಯೋ ಹುಡುಗಿ, ಉಸಿರಿರುವಾಗ್ಲೇ ನನ್ನ ಸಾಯಿಸಿಬಿಟ್ಯಲ್ಲೇ."

ಅದೇ ವಾರ ಹೋಗಿಬಿಟ್ಟರು.

ಅಂದಿನಿಂದ ವಾದಕ್ಕೆ ಕೂತಾಗಲೆಲ್ಲ ಆ ಚಪ್ಪಾಳೆ, ಅದರ ಬೆನ್ನಿಗೇ 'ಗುರು ಹೇಳಿದ್ದೆಲ್ಲ ನಿಜ' ಎಂಬ ಅದೇ ಮಾತು. ಯಾಂಗ್‌ಜೊಮ್ ಯಾರು ಏನೆಂದರೂ 'ಒಪ್ಪಿದೆ' ಎನ್ನತೊಡಗಿದಳು. ಹೆದರಿಕೆ ಇತ್ತು, ನಿಜ. ಆದರೆ ಆ ಮಾತು ಮುರಿದರೆ ಆ ಸದ್ದೂ ಹೋಗಿಬಿಟ್ಟೀತು ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ಇವತ್ತೂ ಸೋತರೆ ದೊಡ್ಡ ಪರೀಕ್ಷೆಗೆ ಕಳಿಸುವುದಿಲ್ಲ ಎಂದು ಹಿರಿಯರು ಹೇಳಿಯಾಗಿತ್ತು.

ಜೊತೆಯವಳಾದ ಲ್ಹಾಕ್ಯಿ ಎದುರು ನಿಂತು ಮಾತು ಎಸೆದಳು.

"ಏನೇ, ಬಾಯ್ತುಂಬ ಹುರಿಹಿಟ್ಟು ಇಟ್ಕೊಂಡಿದ್ದೀಯಾ? ಉತ್ತರ ಹೇಳೇ," ಎಂದು ಲ್ಹಾಕ್ಯಿ ಕೈ ಎತ್ತಿದಳು.

ಧಪ್.

ಲ್ಹಾಕ್ಯಿಯ ಕೈ ಇನ್ನೂ ಮೇಲೇ ಇತ್ತು. ಬೆನ್ನ ಹಿಂದೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ ಗೆನ್-ಲಾ ಅಂದರು: "ಗುರು ಹೇಳಿದ್ದೆಲ್ಲ ನಿಜ."

"ಹಾಗಾಗಲ್ಲ, ಗೆನ್-ಲಾ." ಯಾಂಗ್‌ಜೊಮ್ ತಿರುಗಿ ನೋಡಲಿಲ್ಲ. "ನಾನು ನಿಮ್ಮನ್ನ ಸಾಯಿಸಿದೆ ಅಂದ್ರಲ್ಲ, ಅದು ನಿಜ ಅಲ್ಲ."

ಬೆನ್ನ ಹಿಂದಿನ ಉಸಿರು ನಿಂತಿತು. ಆಮೇಲೆ ಲ್ಹಾಕ್ಯಿ ಎಸೆದದ್ದನ್ನೆಲ್ಲ ಅವಳು ಒಂದೊಂದಾಗಿ ಮುರಿದಳು. ಅಂಗಳದ ತುಂಬ ಚಪ್ಪಾಳೆಗಳಿದ್ದವು, ಅದೊಂದು ಇರಲಿಲ್ಲ.

ಚಹಾ ಬಂತು. ತನ್ನ ಪಾಲು ಕುಡಿದು ಮುಗಿಸಿ, ಮುರಿದ ದಿನದ ರೂಢಿಯಂತೆ ಅವಳು ಖಾಲಿ ಬಟ್ಟಲನ್ನು ಗೆನ್-ಲಾ ನಿಂತಿದ್ದ ಗೋಡೆಯ ಕಡೆ ಚಾಚಿದಳು. ಬಹಳ ಹೊತ್ತು ಚಾಚಿಕೊಂಡೇ ಇದ್ದಳು.