ಆಡಿಸಲು ಕಲಿತ ಯಶೋಧರ ಸರ್

ಕುವೈತಿನ ಅಬ್ಬಾಸಿಯಾದಲ್ಲಿ ಒಂದು ಭಾರತೀಯ ಶಾಲೆ. ಗಣಿತ ಕಲಿಸುವ ಯಶೋಧರ ಸರ್‌ಗೆ ಆ ವರ್ಷ ಒಂಬತ್ತನೇ ತರಗತಿ ಹುಡುಗಿಯರ ವಾಲಿಬಾಲ್ ತಂಡದ ಹೊಣೆ ಸಿಕ್ಕಿತು. ಊರಿನ ಕಾಲೇಜು ತಂಡದಲ್ಲಿ ಆಡಿದ್ದವರು. ಅಷ್ಟು ಸಾಕೆಂದು ಎಲ್ಲರೂ ತಿಳಿದಿದ್ದರು, ಅವರೂ ತಿಳಿದಿದ್ದರು.

ಸೆಪ್ಟೆಂಬರ್ ಸಂಜೆ. ಬಿಸಿಲು ಮೈದಾನದ ಮೇಲೆ ಅಲೆಯಾಡುತ್ತಿತ್ತು. ದೂರದ ಕಟ್ಟಡಗಳು ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು. ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂಬುದು ಸರ್ ನಂಬಿಕೆ. ಚೆಂಡು ಬಿಟ್ಟವರಿಗೆ ಮೈದಾನ ಸುತ್ತುವ ಶಿಕ್ಷೆ. ಅಂದು ಮೂರನೇ ಸುತ್ತಿನಲ್ಲಿ ತಂಡದ ಹುಡುಗಿ ತೃಷಾಳಿಗೆ ಕಾಲಡಿಯ ನೆಲ ತೇಲಿದಂತಾಯಿತು. ಗೆಳತಿಯರ ದನಿ ಎಲ್ಲೋ ದೂರ ಹೋಯಿತು. ಹಾಗೇ ಕುಸಿದಳು.

ಮಗಳು ಶೆರಿಲ್‌ಳನ್ನು ಕರೆದೊಯ್ಯಲು ಬಂದಿದ್ದ ಆಲಿವ್ ವೃತ್ತಿಯಲ್ಲಿ ನರ್ಸ್. ಓಡಿಬಂದು ತೃಷಾಳನ್ನು ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿದರು. ಎಚ್ಚರವಾದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿ ಕ್ಲಿನಿಕ್ಕಿಗೆ ಕರೆದೊಯ್ದರು. ಹುಡುಗಿ ಚೇತರಿಸಿಕೊಂಡಳು. ಆದರೆ ಅವಳ ತಾಯಿ ರತ್ನಾವತಿ, ಇನ್ನು ಆಟವೇ ಬೇಡ ಎಂದುಬಿಟ್ಟರು.

ಮರುದಿನ ಸರ್ ಆಲಿವ್ ಬಳಿ ಬೇಸರ ತೋಡಿಕೊಂಡರು. ನಾವೂ ಹೀಗೇ ಆಡಿದವರು, ನಮಗೇನೂ ಆಗಲಿಲ್ಲವಲ್ಲ ಎಂದರು.

"ನೀವು ಒಳ್ಳೆ ಆಡ್ತಿದ್ರಿ ಸರ್, ಅದು ಸರಿ. ಆದ್ರೆ ಆಡುದು ಬೇರೆ, ಆಡಿಸುದು ಬೇರೆ. ನಾನು ನರ್ಸಿಂಗ್ ಕಲಿಯದೆ ಇಂಜೆಕ್ಷನ್ ಕೊಟ್ರೆ ನೀವು ತಕೊಳ್ತೀರಾ?"

ತರಬೇತಿ ಎಲ್ಲಿ ಸಿಗುತ್ತದೆಂದು ಸರ್ ಅಂದೇ ವಿಚಾರಿಸಿದರು. ಆಮೇಲೆ ವಾರದ ರಜೆಯ ನಾಲ್ಕು ಶುಕ್ರವಾರ ಕ್ರೀಡಾ ತರಬೇತುದಾರರ ಶಿಬಿರಕ್ಕೆ ಹೋದರು. ಬಿಸಿಲಿಗೆ ಮೈಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಒಗ್ಗಿಸಬೇಕು, ಕಾಲು ಗಂಟೆಗೊಮ್ಮೆ ನೀರು ಕೊಡಬೇಕು, ತಪ್ಪಿಗೆ ಶಿಕ್ಷೆ ಕೊಡುವ ಬದಲು ತಪ್ಪು ಎಲ್ಲಾಯಿತೆಂದು ಮಗುವನ್ನೇ ಕೇಳಬೇಕು. ಇದೆಲ್ಲ ಅವರಿಗೆ ಹೊಸದು.

ಶಿಬಿರ ಮುಗಿಸಿ ನೇರ ರತ್ನಾವತಿಯವರ ಮನೆಗೆ ಹೋದರು.

"ತಪ್ಪು ನನ್ನದು ಅಕ್ಕಾ. ಒಂದು ದಿನ ಬಂದು ನೋಡಿ. ಸರಿ ಕಾಣದಿದ್ರೆ ಕರ್ಕೊಂಡು ಹೋಗಿ."

ನವೆಂಬರ್ ಬಂದಿತ್ತು. ತಂಪು ಗಾಳಿ, ಜೇನಿನ ಬಣ್ಣದ ಬೆಳಕು. ರತ್ನಾವತಿ ಬೆಂಚಿನಲ್ಲಿ ಕೂತರು. ತೃಷಾ ಹೊಡೆದ ಚೆಂಡು ಬಲೆಗೆ ಬಿತ್ತು. ಎಂತ ಆಯಿತು ಎಂದು ಸರ್ ಮೆಲ್ಲಗೆ ಕೇಳಿದರು. ಬೇಗ ಜಂಪ್ ಮಾಡಿದೆ ಎಂದು ಅವಳೇ ಹೇಳಿದಳು. ಮತ್ತೊಂದು ಚೆಂಡು ಮೇಲೇರಿ, ಬೆಳಕಿನಲ್ಲಿ ಒಂದು ಗಳಿಗೆ ನಿಂತಂತೆ ಕಂಡಿತು. ತೃಷಾ ಕಾದಳು, ಹಾರಿದಳು. ರತ್ನಾವತಿಗೆ ತಾವು ಎದ್ದು ನಿಂತಿದ್ದು ಗೊತ್ತೇ ಆಗಲಿಲ್ಲ.

ಹೊರಡುವಾಗ ರತ್ನಾವತಿಯೇ ಸರ್ ಹತ್ತಿರ ಬಂದು ಕೇಳಿದರು: "ನಾಳೆ ಎಷ್ಟು ಗಂಟೆಗೆ ಕಳಿಸ್ಬೇಕು?"

ಹೆತ್ತವರೇ, ನಿಮ್ಮ ಮಗುವನ್ನು ಆಡಿಸುವವರಿಗೆ ತರಬೇತಿ ಆಗಿದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಶಿಕ್ಷಕರೇ, ಆಟ ಬಲ್ಲವರಾದರೂ ಆಡಿಸುವುದನ್ನು ಕಲಿಯಿರಿ. ಮಕ್ಕಳು ನಿಮ್ಮನ್ನು ನಂಬಿ ಮೈದಾನಕ್ಕೆ ಇಳಿಯುತ್ತಾರೆ.